ನಾರಿನ ಜೋಡಿನ ಮುರ್ಜಾ

ಲಂಡನ್ನಿನ ಕ್ವೀನ್ಸ್‌ಬರಿಯಲ್ಲಿ ನಮ್ಮ ಹಿತ್ತಲಿಗೂ ಪಕ್ಕದ ಮನೆಯ ಹಿತ್ತಲಿಗೂ ನಡುವೆ ಎದೆಮಟ್ಟದ ಒಂದು ಹಲಗೆ ಬೇಲಿ ಇತ್ತು. ತೊಂಬತ್ತರ ದಶಕದ ನಡುವಿನಲ್ಲಿ ನಾವು ಆ ಮನೆಗೆ ಬಂದ ಹೊಸತರಲ್ಲಿ, ಬಿಸಿಲು ಬಿದ್ದ ಒಂದು ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದಾಗ ಬೇಲಿಯಾಚೆ ಒಬ್ಬ ಹಿರಿಯ ಹೆಂಗಸು ಕಾಲುಚೀಲಗಳನ್ನು ಹಗ್ಗಕ್ಕೆ ಸಿಕ್ಕಿಸುತ್ತಿದ್ದರು. ಜೋಡಿಗೊಂದೇ ಕ್ಲಿಪ್ಪು, ಬೆರಳಿನ ತುದಿ ಮೇಲೆ, ಹಿಮ್ಮಡಿ ಕೆಳಗೆ. ತಲೆಗೆ ಹೂವಿನ ಬಟ್ಟೆ, ಅದರ ಗಂಟು ಗದ್ದದ ಕೆಳಗಲ್ಲ, ಕುತ್ತಿಗೆಯ ಹಿಂದೆ. ಬಣ್ಣ ನೋಡಿದರೆ ಇಲ್ಲಿಯವರೇ ಅನ್ನಬೇಕು, ಕೆನ್ನೆಯ ಮೂಳೆ ನೋಡಿದರೆ ಅಲ್ಲ.

ನಾನು ನಕ್ಕೆ. ಅವರು ಒದ್ದೆ ಕೈ ಒರೆಸಿಕೊಂಡು, ಬೇಲಿಯ ಹತ್ತಿರ ಬಂದು, ತಮ್ಮ ಪೂರ್ತಿ ಹೆಸರನ್ನು ನಿಧಾನವಾಗಿ, ಒಂದೊಂದು ತುಂಡನ್ನೂ ಬಿಡಿಸಿ ಹೇಳಿದರು. ಉದ್ದದ ಹೆಸರು. ಅದರಲ್ಲಿ ನನ್ನ ಕಿವಿಗೆ ಅಂಟಿದ್ದು ನಡುವಿನ ಒಂದೇ ಮಾತು. ಅವರು ಅಂದದ್ದು ಮುರ್ಜಾ, ನನಗೆ ಕೇಳಿಸಿದ್ದು ಮಿರ್ಜಾ.

ನಾನು ಹುಟ್ಟಿ ಬೆಳೆದದ್ದು ವಿಜಯಪುರದಲ್ಲಿ. ನಮ್ಮ ಓಣಿಯ ತಿರುವಿನಲ್ಲೇ ಒಂದು ಮಿರ್ಜಾ ಮನೆ. ಆ ಮನೆಯ ಹಿರಿಮಗಳನ್ನು ಓಣಿಯ ಮಕ್ಕಳೆಲ್ಲ ಆಪಾ ಅನ್ನುತ್ತಿದ್ದೆವು, ಅಂದರೆ ಅಕ್ಕ. ಮಿರ್ಜಾ ಎಂದು ಕೇಳಿದ್ದೇ ತಡ, ಎಷ್ಟೋ ವರ್ಷ ಆಡದ ನನ್ನ ಹರಕುಮುರುಕು ಉರ್ದು ತಾನಾಗಿ ಬಾಯಿಗೆ ಬಂತು. "ಆಪಾ, ಆಪ್ ಕಹಾಂ ಕೇ?", ನೀವು ಎಲ್ಲಿಯವರು, ಎಂದು ಕೇಳಿಬಿಟ್ಟೆ.

ಅವರು ಬೇಲಿಯ ಹಲಗೆ ಹಿಡಿದುಕೊಂಡರು. "ನಿನಗೆ ತಾತಾರ್ ಭಾಷೆ ಯಾರು ಕಲಿಸಿದರು?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ನನ್ನ ಪ್ರಶ್ನೆಯಲ್ಲಿ ಅವರಿಗೆ ತಿಳಿದದ್ದು ಆಪಾ ಒಂದೇ. ರಶಿಯದ ವೋಲ್ಗಾ ನದಿಯ ದಂಡೆಯ ಕಜಾನ್ ಊರಿನ ತಾತಾರರೂ ಹಿರಿಯ ಹೆಂಗಸನ್ನು ಹಾಗೇ ಕರೆಯುತ್ತಾರಂತೆ. ಆ ಊರು ಎಲ್ಲಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಪೂರಾ ತಪ್ಪು ತಿಳಿದು, ಪೂರಾ ಸರಿಯಾದ ಮಾತಾಡಿದ್ದೆ. ಅಂದಿನಿಂದ ನಾನು ಅವರಿಗೆ ಸೆಂಗ್ಲೆಮ್, ತಂಗಿ. ಅವರು ನನಗೆ ಆಪಾ. ಉಳಿದ ಮಾತೆಲ್ಲ ಇಬ್ಬರದೂ ಇಂಗ್ಲಿಷಿನಲ್ಲೇ ನಡೆಯಿತು. ಅವರದು ಕ್ರಿಯಾಪದಗಳನ್ನು ಅರ್ಧ ನುಂಗಿದ ಇಂಗ್ಲಿಷು, ನನ್ನದು ಕಾನ್ವೆಂಟಿನ ಸಿಸ್ಟರುಗಳು ಇಸ್ತ್ರಿ ಮಾಡಿ ಕೊಟ್ಟ ಇಂಗ್ಲಿಷು.

ಆಪಾ ಮಗಳು ಮತ್ತು ಅಳಿಯನ ಜೊತೆ ಇದ್ದರು. ಮಗಳು ಓದಲು ಬಂದವಳು ಇಲ್ಲಿಯ ಹುಡುಗನನ್ನೇ ಮದುವೆಯಾಗಿ, ಆಮೇಲೆ ಗಂಡ ತೀರಿಕೊಂಡು ಒಬ್ಬಳೇ ಉಳಿದ ತಾಯಿಯನ್ನು ಕರೆಸಿಕೊಂಡಿದ್ದಳು. ಅಳಿಯ ಬಸ್ ಡಿಪೋದಲ್ಲಿ ಎಂಜಿನ್ ರಿಪೇರಿ ಮಾಡುವವ. ಸಾಧು, ಬಾಯಲ್ಲಿ ಮಾತು ಕಡಿಮೆ, ಕೈಯಲ್ಲಿ ಸದಾ ಚಹದ ಮಗ್ಗು. ಅವನ ಅಡ್ಡಹೆಸರಿಗೆ ಇಂಗ್ಲಿಷಿನಲ್ಲಿ 'ಅಡುಗೆಯವ' ಎಂದು ಅರ್ಥ. "ನನ್ನ ಮಗಳು ಅಡುಗೆಯವನ ಮನೆ ಸೇರಿದಳು, ಅವನಿಗೆ ಮೊಟ್ಟೆ ಬೇಯಿಸಲಿಕ್ಕೂ ಬರುವುದಿಲ್ಲ" ಎಂದು ಆಪಾ ಅವನ ಎದುರಿಗೇ ಅನ್ನುತ್ತಿದ್ದರು. ಅವನು ಬೇಸರ ಮಾಡಿಕೊಂಡದ್ದನ್ನು ನಾನು ನೋಡಲಿಲ್ಲ.

ಅಡ್ಡಹೆಸರು ಎಂದೆನಲ್ಲ, ಅದರಲ್ಲೇ ನನ್ನದೊಂದು ಕತೆ ಇದೆ. ನಮ್ಮ ಕಡೆ ಅಡ್ಡಹೆಸರು ಅಂದರೆ ಮನೆತನದ ಹೆಸರು. ನಮ್ಮ ಯಜಮಾನರು ಮೈಸೂರು ಕಡೆಯವರು, ಅಲ್ಲಿ ಆ ಮಾತಿಗೆ ಯಾರೋ ತಮಾಷೆಗೆ ಇಟ್ಟ ಹೆಸರು ಎಂದು ಅರ್ಥ. ನನ್ನನ್ನು ನೋಡಲು ಬಂದ ದಿನ ಅಪ್ಪ ದೊಡ್ಡ ಗತ್ತಿನಿಂದ, "ನಮ್ಮ ಅಡ್ಡಹೆಸರು ದೇಸಾಯಿ ಅಂತ್ರಿ" ಅಂದರು. ಅತ್ತೆಯವರು ಸಂಕೋಚದಿಂದ, "ಅಯ್ಯೋ, ಯಾಕೆ ಪಾಪ, ಹಾಗೆ ಆಡಿಕೊಳ್ತಾರಾ ಊರಲ್ಲಿ?" ಎಂದು ಕೇಳಿದರು. ಅಪ್ಪನ ಮುಖ ನೋಡಬೇಕಿತ್ತು.

ದೇಸಾಯಿ ಎಂಬುದು ಸುಲ್ತಾನರ ಕಾಲದಲ್ಲಿ ಒಂದಿಷ್ಟು ಹಳ್ಳಿಗಳ ಮೇಲೆ ಅಧಿಕಾರ ಮಾಡಿದವರಿಗೆ ಸಿಕ್ಕ ಪದವಿ. ಆ ಹಳ್ಳಿಗಳ ಸೀಮೆಗೆ ದೇಸಗತಿ ಎಂದು ಹೆಸರು. ಅಪ್ಪನ ಕಾಲಕ್ಕೆ ಅವರು ಬ್ಯಾಂಕಿನಲ್ಲಿ ಗುಮಾಸ್ತರು. "ದೇಸಗತಿಯೊಳಗಿನ ಗತಿ ಹೋತು, ಬರೇ ದೇಸಾಯಿ ಉಳದ" ಎಂದು ತಾವೇ ನಗುತ್ತಿದ್ದರು. ಆದರೂ ಕಾನ್ವೆಂಟಿನಲ್ಲಿ ಸಿಸ್ಟರು ಹಾಜರಿ ಕರೆಯುವಾಗ ಅಡ್ಡಹೆಸರು ಹಿಡಿದೇ ಕರೆಯುತ್ತಿದ್ದರು. ದೇಸಾಯಿ ಅಂದ ಕೂಡಲೇ ಬೆನ್ನು ನೆಟ್ಟಗಾಗುವುದು ನನಗೆ ಅಲ್ಲಿಂದ ಬಂದ ಅಭ್ಯಾಸ.

ಮದುವೆಯಾಗಿ ಲಂಡನ್ನಿಗೆ ಬಂದಾಗ ಆ ಹೆಸರು ಹೋಯಿತು. ಹೋದದ್ದಕ್ಕೆ ದುಃಖವಿಲ್ಲ, ಅದರ ಬದಲಿಗೆ ಬಂದದ್ದು ನೋಡಿ. ನಮ್ಮ ಯಜಮಾನರಿಗೆ ಇದ್ದದ್ದು ಬರೀ ಇನಿಶಿಯಲ್ಲು. ಪಾಸ್‌ಪೋರ್ಟಿನಲ್ಲಿ ಆ ಇನಿಶಿಯಲ್ಲು ಬಿಡಿಸಿಕೊಂಡು ಅವರ ತಂದೆಯ ಹೆಸರು ಸರ್‌ನೇಮ್ ಆಗಿ ಕೂತಿತು. ನನಗೂ ಅದೇ. ನಮ್ಮಲ್ಲಿ ಸೊಸೆ ಮಾವನ ಹೆಸರು ಹಿಡಿದು ಹೇಳುವುದಿಲ್ಲ. ಇಲ್ಲಿ ಬರೆಯಲಿಕ್ಕೂ ಕೈ ಬರುವುದಿಲ್ಲ. ಅಂಥ ಹೆಸರನ್ನೇ ನಾನು ಫೋನಿನಲ್ಲಿ ಗ್ಯಾಸಿನವರಿಗೆ ಒಂದೊಂದೇ ಅಕ್ಷರ ಬಿಡಿಸಿ ಹೇಳಬೇಕು. ಮಾವನವರು ಒಂದು ಬೇಸಿಗೆ ನಮ್ಮಲ್ಲಿ ಬಂದು ಇದ್ದಾಗ ಪೋಸ್ಟಿನವನು ಬಾಗಿಲಲ್ಲಿ ಹೆಸರು ಕೂಗಿದ. ಅವರು ಠೀವಿಯಿಂದ ಎದ್ದು ಹೋಗಿ, ಸಹಿ ಹಾಕಿ, ಪೊಟ್ಟಣ ಬಿಚ್ಚಿ ಕೂತಿದ್ದರು. "ನೋಡಮ್ಮ, ಯಾರೋ ನನಗೆ ಹೆಂಗಸರ ಚಪ್ಪಲಿ ಕಳಿಸಿದ್ದಾರೆ" ಅಂದರು.

ಆಪಾನ ಹೆಸರಿನಲ್ಲೂ ಏನೋ ಗಂಟಿದೆ ಎಂದು ತಿಳಿದದ್ದು ಇಲ್ಲಿಯ ಜಿಪಿ ಡಾಕ್ಟರ ಕಾಯುವ ಕೋಣೆಯಲ್ಲಿ. ನನ್ನ ಮಗಳ ಕೆಮ್ಮಿಗೆ ನಾನು ಹೋಗಿದ್ದೆ, ಮೊಣಕಾಲು ನೋವಿಗೆ ಅವರು ಬಂದಿದ್ದರು. ಅಕ್ಕಪಕ್ಕ ಕೂತು ಬೀಟ್‌ರೂಟಿನ ಸಾರಿನ ವಿಷಯ ಮಾತಾಡುತ್ತಿದ್ದೆವು. ಕೌಂಟರಿನ ಹುಡುಗಿ ಒಂದು ಹೆಸರು ಕರೆದಳು. ಯಾರೂ ಏಳಲಿಲ್ಲ. ಇನ್ನೊಂದು ಕರೆದಳು. ಅದಕ್ಕೂ ಯಾರೂ ಏಳಲಿಲ್ಲ. ಕೊನೆಗೆ ನನ್ನ ಮಗಳು ಮೊಣಕೈಯಿಂದ ತಿವಿದು, "ಅಮ್ಮಾ, ದಟ್ಸ್ ಅಸ್" ಅಂದಳು. ಎರಡನೆಯ ಹೆಸರು ಮಾವನವರದು, ಅಂದರೆ ನನ್ನದು. ಮೊದಲನೆಯದು ಆಪಾನದಂತೆ. ಆದರೆ ಅದರಲ್ಲಿ ಮುರ್ಜಾ ಎಲ್ಲಿ? ಬೇಲಿಯ ಹತ್ತಿರ ಹೇಳಿದ ಹೆಸರಿನ ತಲೆ ಇತ್ತು, ಬಾಲ ಇತ್ತು, ನಡು ಇರಲಿಲ್ಲ.

"ನಡು ನನ್ನ ತಂದೆ ಕತ್ತರಿಸಿದರು" ಎಂದು ದಾರಿಯಲ್ಲಿ ಬರುವಾಗ ಹೇಳಿದರು. ಅಷ್ಟೇ. ಉಳಿದದ್ದನ್ನು ಹೇಳಿಸಿಕೊಳ್ಳಲು ನಾನು ಅವರ ಅಡುಗೆಮನೆಯಲ್ಲಿ ಎಷ್ಟೋ ಸಲ ಚಹ ಕುಡಿಯಬೇಕಾಯಿತು.

ಅವರ ಚಹಕ್ಕೆ ಹಾಲು ಇರುತ್ತಿತ್ತು, ಅದರಿಂದ ನಾವು ಬೇಗ ಹೊಂದಿಕೊಂಡೆವು. ಜೊತೆಗೆ ಚಕ್‌ಚಕ್ ಎಂಬ ಸಿಹಿ. ಹಿಟ್ಟಿನ ಚೂರುಗಳನ್ನು ಕರಿದು ಜೇನಿನ ಪಾಕದಲ್ಲಿ ಕಟ್ಟುವುದು. ನಾನು ಮೊದಲ ತುತ್ತಿಗೇ, "ಇದು ನಮ್ಮ ಲಡಗಿ ಉಂಡಿಯಲ್ಲವೇ!" ಅಂದೆ. ನಮ್ಮಲ್ಲಿ ಕಡಲೆಹಿಟ್ಟಿನ ಶೇವು ಕರಿದು ಮುರಿದು ಬೆಲ್ಲದಲ್ಲಿ ಕಟ್ಟುತ್ತೇವೆ, ಅಷ್ಟೇ ವ್ಯತ್ಯಾಸ. ಮರುವಾರ ನಾನು ಲಡಗಿ ಉಂಡಿ ಮಾಡಿಕೊಂಡು ಹೋದೆ. ಆಪಾ ತಿಂದು, ಕಣ್ಣು ಮುಚ್ಚಿ ಯೋಚಿಸಿ, "ಚೆನ್ನಾಗಿದೆ. ಆದರೆ ನಮ್ಮದು ಹಲ್ಲಿಗೆ ಕರುಣೆ ತೋರಿಸುತ್ತದೆ" ಅಂದರು.

ಆ ಮೇಜಿನ ಮೇಲೆ ನಾನು ಕಲಿತದ್ದು ಬಹಳ. ಎಲ್ಲಕ್ಕಿಂತ ಮೇಲೆ ಖಾನ್, ಅವನ ಮನೆಯವರು ಸುಲ್ತಾನರು. ಅವನ ಕೆಳಗೆ ಬಿಕ್, ದೊಡ್ಡ ಕುಲದ ಯಜಮಾನ, ತುರ್ಕಿಯವರ ಬೇ ಅಂದರೆ ಇವನೇ. ಮುರ್ಜಾ ಎಂದರೆ ಬಿಕ್‌ನ ಮನೆಯ ಮಗ, ಹುಟ್ಟಿನಿಂದ ಕುಲೀನ. ತರ್ಖಾನ್ ಎಂದರೆ ಖಾನನೇ ಕಂದಾಯ ಮಾಫಿ ಮಾಡಿದವ. "ಅಂದರೆ ನಮ್ಮ ಇನಾಮದಾರ" ಎಂದು ನಾನು ನಡುವೆ ಬಾಯಿ ಹಾಕುತ್ತಿದ್ದೆ. ಆಮೇಲೆ ರಶಿಯದ ದೊರೆಗಳು ಬಂದರು, ಈ ಪದವಿಗಳಿಗೆ 'ಒವ್', 'ಇನ್' ಎಂಬ ಬಾಲ ಅಂಟಿಸಿ ಅಡ್ಡಹೆಸರು ಮಾಡಿದರು. ತರ್ಖಾನನ ಮೊಮ್ಮಗ ತರ್ಖಾನೊವ್ ಆದ, ಮುರ್ಜಾನ ಮೊಮ್ಮಗ ಮುರ್ಜಿನ್ ಆದ. ಕಂದಾಯದ ಮಾಫಿ ಹೋದಮೇಲೂ ಹೆಸರು ಉಳಿಯಿತು.

ಗಂಡಸಿಗೆ 'ಇನ್', ಹೆಂಗಸಿಗೆ 'ಇನಾ'. ಆಪಾನ ಅಣ್ಣ ಇಲ್ಲಿಗೆ ಬಂದಿದ್ದರೆ ಕೌನ್ಸಿಲಿನವರು ಇವರನ್ನು ಅಣ್ಣತಂಗಿ ಅಂತಲೇ ನಂಬುತ್ತಿರಲಿಲ್ಲವೇನೋ.

ಟಿವಿಯಲ್ಲಿ ಐಸ್ ಸ್ಕೇಟಿಂಗ್ ಬಂದರೆ ಆಪಾನಿಗೆ ಹಬ್ಬ. ಆಟ ನೋಡುತ್ತಿರಲಿಲ್ಲ, ಕೆಳಗೆ ಬರುವ ಹೆಸರು ನೋಡುತ್ತಿದ್ದರು. "ಇದು ನಮ್ಮದು! ರಶಿಯದವಳು ಅನ್ನುತ್ತಾರೆ, ಮುತ್ತಜ್ಜ ಕುದುರೆ ಮೇಲೆ ಬಂದ ಬಿಕ್" ಅನ್ನುವರು. ನನಗೂ ಆ ಚಟ ಹತ್ತಿತು. ಒಂದು ಸಂಜೆ ಮನೆಯಲ್ಲಿ ಸುದ್ದಿ ನೋಡುತ್ತಾ ನಾನು ಯಾರದೋ ಹೆಸರಿಗೆ "ಇವರು ಮೂಲತಃ ತಾತಾರರು ಕಣ್ರೀ" ಅಂದೆ. ಯಜಮಾನರು ಪೇಪರ್ ಇಳಿಸಿ ನೋಡಿದರು. "ಆಯ್ತು. ದೇಸಾಯಿ ಅಮ್ಮಾವ್ರಿಗೆ ಇಲ್ಲೂ ಒಬ್ಬ ಸಂಸ್ಥಾನಿಕರು ಸಿಕ್ಕಿದ್ರು. ಇನ್ನು ನಾವು ಬಡ ಇನಿಶಿಯಲ್ಲಿನವರು ಅನ್ನ ನಾವೇ ಬಡಿಸ್ಕೋಬೇಕು."

ನನ್ನ ಮಗಳಿಗೂ ಕುತೂಹಲ. "ಸೋ ಈಸ್ ಶಿ ಲೈಕ್ ಎ ಡಚೆಸ್?"

ನಾನು ಆ ಪ್ರಶ್ನೆಯನ್ನು ಹಾಗೇ ಆಪಾನಿಗೆ ಮುಟ್ಟಿಸಿದೆ. ಅವರು ಹೊಟ್ಟೆ ಹಿಡಿದು ನಕ್ಕರು. ಝಾರ್ ದೊರೆಗಳು ಒಂದು ಕಾಲದಲ್ಲಿ ಮುರ್ಜಾಗಳಿಗೆ, ನಮ್ಮ ಮತಕ್ಕೆ ಬನ್ನಿ, ಇಲ್ಲದಿದ್ದರೆ ಜಮೀನು ಬಿಡಿ ಅಂದರಂತೆ. ಬಂದವರು ರಶಿಯದ ರಾಜಕುಮಾರರಾದರು. ಬರದವರು ಜಮೀನು ಕಳೆದುಕೊಂಡು ತಾವೇ ನೇಗಿಲು ಹಿಡಿದರು. ಬೂಟಿಗೆ ಗತಿಯಿಲ್ಲ. ಮರದ ತೊಗಟೆಯ ನಾರು ಹೆಣೆದು ಜೋಡು ಮಾಡಿಕೊಂಡು ಮೆಟ್ಟಿದರು. ಊರವರು ಅವರಿಗೆ 'ಚಬಾತಾಲಿ ಮುರ್ಜಾ' ಅಂದರು, ನಾರಿನ ಜೋಡಿನ ಮುರ್ಜಾ. "ನಾನು ಆ ಡಚೆಸ್" ಎಂದು ಆಪಾ ಸ್ಲಿಪ್ಪರ್ ಹಾಕಿದ ಕಾಲನ್ನು ಎತ್ತಿ ತೋರಿಸಿದರು. ಅದರ ಹೆಬ್ಬೆರಳಿನ ಹತ್ತಿರ ಹರಿದದ್ದನ್ನು ಕೆಂಪು ನೂಲಿನಲ್ಲಿ ಹೊಲಿದಿದ್ದರು, ಬಹಳ ಒಪ್ಪವಾಗಿ.

ನಗು ನಿಂತಮೇಲೆ ತಂದೆಯ ವಿಷಯ ಬಂತು. ಅವರು ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದವರು. ಸ್ಟಾಲಿನ್ ಕಾಲ. ಹಳೆಯ ಪದವಿಯ ವಾಸನೆ ಇದ್ದವರನ್ನು ಕೆಲಸದಿಂದ ತೆಗೆಯುತ್ತಿದ್ದರು, ಕೆಲವರನ್ನು ಕರೆದೊಯ್ದವರು ತಿರುಗಿ ಕಳಿಸುತ್ತಿರಲಿಲ್ಲ. ಒಂದು ದಿನ ತಂದೆ ಶಾಲೆಗೆ ರಜೆ ಹಾಕಿ ಕಚೇರಿಗೆ ಹೋಗಿ, ಹೆಸರಿನ ನಡುವಿನ ಮುರ್ಜಾವನ್ನು ತೆಗೆಸಿ ಬಂದರು. ಮನೆಯಲ್ಲಿ ಯಾರನ್ನೂ ಕೇಳಲಿಲ್ಲ. ಅಜ್ಜ ಆಗ ಬದುಕಿದ್ದರು. ಮಗನ ಜೊತೆ ಆಮೇಲೆ ಒಂದೇ ಮೇಜಿನಲ್ಲಿ ಉಣ್ಣಲಿಲ್ಲವಂತೆ. ಆಪಾ ಹುಟ್ಟಿದ್ದು ಕತ್ತರಿಸಿದ ಹೆಸರಿಗೆ. ಆದರೆ ಅಜ್ಜ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಗುಟ್ಟಾಗಿ ಪೂರ್ತಿ ಹೆಸರನ್ನು ಬಾಯಿಪಾಠ ಮಾಡಿಸಿದ್ದರು. ಹೊರಗೆ ಹೇಳಬೇಡ ಎಂದೂ ಹೇಳಿದ್ದರು.

"ಈ ಊರಿಗೆ ಬಂದು, ಹೊಸ ಜನಕ್ಕೆ, ಬೇಲಿಯ ಮೇಲಿಂದ, ಮೊದಲ ಸಲ ಗಟ್ಟಿಯಾಗಿ ಹೇಳಿದೆ. ನೀನು ಉರ್ದು ಅಂದುಕೊಂಡೆ" ಅಂದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಆಪಾನ ಮಗಳು ಬಸುರಿಯಾದಳು. ಬಹಳ ಕಾದು ಆದ ಬಸುರು. ಆಪಾ ಉಣ್ಣೆಯ ಟೊಪ್ಪಿಗೆ, ಉಣ್ಣೆಯ ಚೀಲ, ಉಣ್ಣೆಯ ಕೈಗವಸು ಎಂದು ಮನೆ ತುಂಬಿಸಿದರು. ಆಪಾನ ಅಣ್ಣನಿಗೆ ಮಕ್ಕಳಿರಲಿಲ್ಲ, ಆ ಅಣ್ಣನೂ ತೀರಿಕೊಂಡಿದ್ದರು. ಕಜಾನಿನಲ್ಲಿ ಆಗ ಕಾಲ ಬದಲಾಗಿ, ಹಳೆಯ ಮನೆತನದವರು ತಮ್ಮ ಬೇರು ಹುಡುಕಿ, ಕತ್ತರಿಸಿದ ಹೆಸರುಗಳನ್ನು ಮತ್ತೆ ಸೇರಿಸಿಕೊಳ್ಳುತ್ತಿದ್ದರಂತೆ. ಹುಟ್ಟುವುದು ಗಂಡು ಎಂದು ಸ್ಕ್ಯಾನಿನಲ್ಲಿ ತಿಳಿದ ದಿನ ಆಪಾ ಮಗಳನ್ನು ಒಂದೇ ಒಂದು ಕೇಳಿದರು. ಮಗುವಿನ ಹೆಸರು ನಿಮ್ಮಿಷ್ಟ. ಅಡ್ಡಹೆಸರು ಅಡುಗೆಯವನದೇ ಇರಲಿ. ನಡುವಿನಲ್ಲಿ ಮುರ್ಜಾ ಎಂದೊಂದು ಸೇರಿಸಿ. ಇಂಗ್ಲಿಷರೂ ನಡುವೆ ಒಂದು ಹೆಸರು ಇಡುತ್ತಾರಲ್ಲ.

ಅಳಿಯ ಸೈ ಅಂದ. ಮಗಳು ಆಗುವುದಿಲ್ಲ ಅಂದಳು.

ನನಗೆ ಅದು ಗೊತ್ತಾದದ್ದು ಮಗಳ ಬಾಯಿಂದ. ಮಗಳು ಸಾಮಾನ್ಯವಾಗಿ ನಮ್ಮ ಮನೆಗೆ ಬರುವವಳಲ್ಲ. ಆ ದಿನ ಬಂದು, ಬೂಟು ಬಿಚ್ಚಿ, ಅಡುಗೆಮನೆಯ ಸ್ಟೂಲಿನ ಮೇಲೆ ಕೈಯನ್ನು ಹೊಟ್ಟೆಯ ಮೇಲಿಟ್ಟು ಕೂತಳು. "ನೀವು ಅವಳಿಗೆ ಹೇಳಿ. ನಿಮ್ಮ ಮಾತು ಕೇಳುತ್ತಾಳೆ. ಅವಳಿಗೆ ಅದು ಅಜ್ಜನ ತೊಡೆ. ಇಲ್ಲಿಯ ಏರ್‌ಪೋರ್ಟಿನವನಿಗೆ ಅದು ಬೇರೆ ಏನೋ. ನಾನು ದಿನಾ ಪೇಪರ್ ಓದುತ್ತೇನೆ. ನಾಳೆ ಸಾಲಿನಲ್ಲಿ ಪಕ್ಕಕ್ಕೆ ನಿಲ್ಲು ಅನ್ನಿಸಿಕೊಳ್ಳುವವನು ನನ್ನ ಮಗ. ಈ ಕಾಲದಲ್ಲಿ ಆ ಹೆಸರು ಬೇಡ."

ಅವಳ ಮಾತು ತಪ್ಪಲ್ಲ. ಜೋಡಿ ಗೋಪುರಗಳು ಉರುಳಿದ ಮೇಲಿನ ಆ ವರ್ಷಗಳು ಹಾಗೇ ಇದ್ದವು. ಟ್ಯೂಬ್ ರೈಲಿನಲ್ಲಿ ಬೆನ್ನಿಗೆ ಚೀಲ ಹಾಕಿದ ಕಂದುಬಣ್ಣದ ಹುಡುಗರನ್ನು ಜನ ಎರಡು ಸಲ ನೋಡುತ್ತಿದ್ದರು. ನನ್ನ ತಮ್ಮನ ಮಗ ಬಂದಾಗ ನಾನೇ ಅವನಿಗೆ, ಗಡ್ಡ ತೆಗೆಸಪ್ಪಾ, ಅಂದಿದ್ದೆ.

ಮರುದಿನ ಆಪಾ ಬೇಲಿಯ ಹತ್ತಿರ ಕರೆದರು. ಅವರಿಗೆ ಮಗಳು ಬಂದು ಹೋದದ್ದು ಗೊತ್ತಿತ್ತು.

"ಏನಂದಳು? 'ಈ ಕಾಲದಲ್ಲಿ' ಅಂದಳೇ?"

"ಹೂಂ, ಆಪಾ."

"ನನ್ನ ತಂದೆಯೂ ಅದೇ ಅಂದರು. ಅದೇ ಮಾತು. ಈ ಕಾಲದಲ್ಲಿ." ಅವರು ಕ್ಲಿಪ್ಪಿನ ಬುಟ್ಟಿಯಲ್ಲಿ ಕೈಯಾಡಿಸುತ್ತಿದ್ದರು. "ಕಾಲ ಯಾವಾಗ ಸರಿ ಇತ್ತು, ಸೆಂಗ್ಲೆಮ್? ನೀನು ಅವಳಿಗೆ ಹೇಳು. ಒಂದು ಮಾತು ಸೇರಿಸುವುದು. ಸೇರಿಸದಿದ್ದರೆ ಅದು ನನ್ನ ಬಾಯಿಯಲ್ಲೇ ಮುಗಿಯುತ್ತದೆ."

ಹೀಗೆ ನಾನು ಎರಡೂ ಕಡೆಯ ವಕೀಲಳಾದೆ. ಎರಡೂ ಕಡೆ ನ್ಯಾಯ ಇದೆ ಅನ್ನಿಸಿದರೆ ವಕೀಲಿ ಮಾಡುವುದು ಕಷ್ಟ. ಅವರ ಮನೆಯಲ್ಲಿ ಆಗ ತಾಯಿಮಗಳು ಅಳಿಯನ ಮೂಲಕ ಮಾತಾಡುತ್ತಿದ್ದರು. ಅವನು ಉಪ್ಪಿನ ಡಬ್ಬಿ ಒಬ್ಬರಿಂದ ತೆಗೆದು ಇನ್ನೊಬ್ಬರಿಗೆ ಕೊಡುತ್ತಾ ಸುಸ್ತಾಗಿದ್ದ. "ಇಬ್ಬರೂ ರಶಿಯನ್‌ನಲ್ಲಿ ಬೈದಾಡಿದರೆ ನನಗೆ ನಿದ್ದೆ ಬರುತ್ತಿತ್ತು, ಈಗ ಮೌನವಾಗಿದ್ದಾರೆ, ಬರುತ್ತಿಲ್ಲ" ಎಂದು ನಮ್ಮ ಯಜಮಾನರ ಹತ್ತಿರ ಹೇಳಿಕೊಂಡನಂತೆ.

ಒಂದು ಮಧ್ಯಾಹ್ನ ಆಪಾ ನಮ್ಮಲ್ಲಿಗೆ ಬಂದರು. ನಾನು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ, ಅವರೂ ಒಂದು ಕಟ್ಟು ಎತ್ತಿಕೊಂಡು ಬಿಡಿಸತೊಡಗಿದರು. ಹೆಸರಿನ ಮಾತೇ ಬಂತು. ನಾನು ಯಾವ ಯೋಚನೆಯೂ ಇಲ್ಲದೆ, ನಮ್ಮ ಕಡೆಯ ಪದ್ಧತಿ ನೆನಪಾಗಿ ಕೇಳಿದೆ: "ಆಪಾ, ನಿಮ್ಮಲ್ಲಿ ಇದು ಮಗಳ ಮಗನಿಗೂ ಬರುತ್ತದೆಯೇ? ನಮ್ಮಲ್ಲಿ ಮಗನ ಮಗ ದೇಸಾಯಿ. ಮಗಳ ಮಗ ಅವರಪ್ಪನ ಮನೆಯವನು. ನನ್ನ ಮಗಳನ್ನು ಯಾರೂ ದೇಸಾಯಿ ಅನ್ನುವುದಿಲ್ಲ."

ಅವರ ಕೈ ಕಡ್ಡಿಯ ಮೇಲೆ ನಿಂತಿತು. ಎಲೆ ಕಿತ್ತು ಕಡ್ಡಿಯ ಗುಡ್ಡೆಗೆ ಹಾಕಿದರು, ಕಡ್ಡಿಯನ್ನು ಎಲೆಯ ಗುಡ್ಡೆಗೆ.

"ಬರುವುದಿಲ್ಲ" ಎಂದು ಕೊನೆಗೆ ಅಂದರು. "ನಮ್ಮಲ್ಲೂ ತಂದೆಯಿಂದಲೇ. ಅಜ್ಜ ಇದ್ದಿದ್ದರೆ ಅವರೇ, ಅವನು ಮುರ್ಜಾ ಅಲ್ಲ, ಅನ್ನುತ್ತಿದ್ದರು." ಇನ್ನೊಂದು ಕಡ್ಡಿ ಎತ್ತಿಕೊಂಡು, "ಅದು ನನಗೆ ಮೊದಲಿನಿಂದ ಗೊತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ."

ಚಹ ಮಾಡಲೇ ಎಂದೆ. ಬೇಡ ಅಂದರು. ಸೊಪ್ಪು ಪೂರ್ತಿ ಬಿಡಿಸಿಟ್ಟೇ ಹೋದರು.

ಆಮೇಲೆ ಕೆಲವು ದಿನ ಹಿತ್ತಲಿಗೆ ಬರಲಿಲ್ಲ. ಊರಿಗೆ ಫೋನು ಮಾಡಿದಾಗ ಅವ್ವನಿಗೆ ಹೇಳಿದೆ. ಅವ್ವ, "ನೀ ಯಾಕ ಕೇಳ್ಲಿಕ್ಕೆ ಹೋದಿ? ಹೆಸರಿನ ಹಂಬಲ ಇದ್ದವರ ಮುಂದ ಲೆಕ್ಕ ತಗೀಬಾರದು" ಅಂದಳು. ಆಮೇಲೆ ತಾನೇ, "ಆಕಿ ಹೆಸರು ಆಕಿಗೇ ಇಟ್ಟುಕೊಳ್ಳಲಿಕ್ಕೆ ಬರಂಗಿಲ್ಲೇನು? ಮಗೂಗೇ ಯಾಕ ಬೇಕು?" ಅಂದಳು. ನನಗೆ ಅದು ಹೊಳೆದೇ ಇರಲಿಲ್ಲ.

ಹೊಳೆದದ್ದು ಆಪಾನಿಗೂ ಅದೇ, ನಾನು ಹೇಳುವ ಮೊದಲೇ. ಬಾಗಿಲು ಬಡಿದು ಒಳಗೆ ಬಂದವರು ಕೋಟು ಹಾಕಿಕೊಂಡಿದ್ದರು, ಕಿವಿಗೆ ಹವಳದ ಓಲೆ. ಎಡ್ಜ್‌ವೇರಿನ ಒಬ್ಬ ಸಾಲಿಸಿಟರ್ ವಕೀಲರ ಹತ್ತಿರ ಹೋಗಬೇಕಿತ್ತು. ಈ ದೇಶದಲ್ಲಿ ದೊಡ್ಡವರು ತಮ್ಮ ಹೆಸರನ್ನು ತಾವೇ ಬದಲಾಯಿಸಿಕೊಳ್ಳಬಹುದು. ಒಂದು ಹಾಳೆಯ ಮೇಲೆ, ಇಂದಿನಿಂದ ನಾನು ಇಂಥವಳು, ಎಂದು ಬರೆದು ಸಹಿ ಮಾಡಿದರೆ ಆಯಿತು. ಜೊತೆಗೆ ಸಂಬಂಧಿಯಲ್ಲದ ಒಬ್ಬರ ಸಾಕ್ಷಿ ಬೇಕು. "ನೀನು ಸಂಬಂಧಿಯಲ್ಲ ಎಂದು ಹೇಳಬೇಕಾಗುತ್ತದೆ. ಇವತ್ತೊಂದು ದಿನ ಹೇಳು" ಅಂದರು.

ಬಸ್ಸಿನ ಮೇಲಂತಸ್ತಿನಲ್ಲಿ ಮುಂದಿನ ಸೀಟಿನಲ್ಲೇ ಕೂತೆವು. ಆಪಾ ಕೈಚೀಲದ ಕೊಂಡಿ ತೆಗೆಯುತ್ತಾ ಹಾಕುತ್ತಾ ಇದ್ದರು. ಸಾಲಿಸಿಟರ್ ಕಚೇರಿಯಲ್ಲಿ ಕೆಲಸಕ್ಕಿದ್ದ ಹುಡುಗಿ ಹೊಸ ಹೆಸರಿನ ಅಕ್ಷರಗಳನ್ನು ಕೇಳಿದಾಗ ಆಪಾ ಎದ್ದು ನಿಂತು ಹೇಳಿದರು, ಶಾಲೆಯಲ್ಲಿ ಪದ್ಯ ಹೇಳುವವರ ಹಾಗೆ. ಆ ಹುಡುಗಿ ನಡುವೆ ಒಮ್ಮೆ, "ಇದು ಮದುವೆಯಿಂದ ಬಂದ ಹೆಸರೇ?" ಎಂದು ಕೇಳಿದಳು. "ಇಲ್ಲ. ಕುದುರೆಯಿಂದ" ಅಂದರು ಆಪಾ. ಹುಡುಗಿ ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ.

ಸಾಕ್ಷಿಯ ಜಾಗದಲ್ಲಿ ನನ್ನ ಹೆಸರು, ಉದ್ಯೋಗ. ಗೃಹಿಣಿ ಎಂದು ಬರೆದೆ, ಮಾವನವರ ಹೆಸರನ್ನೂ ಬರೆದೆ. ಸಿಸ್ಟರು ಕಲಿಸಿದ ದುಂಡಕ್ಷರದಲ್ಲಿ ಅದು ಚೆನ್ನಾಗಿಯೇ ಕಂಡಿತು.

ಮಗಳಿಗೆ ಅದು ತಿಳಿದದ್ದು ಅದೇ ಸಂಜೆ, ಆಪಾನ ಬಾಯಿಂದಲೇ. ಬೈದಾಟ ಗೋಡೆಯ ಈಚೆಗೂ ಕೇಳಿಸಿತು, ರಶಿಯನ್‌ನಲ್ಲಿ. ಯಜಮಾನರು, "ಪಾಪ, ಅವನಿಗಿವತ್ತು ನಿದ್ದೆ ಬರುತ್ತೆ" ಅಂದರು.

ಮಗು ಹುಟ್ಟಿತು. ಆಸ್ಪತ್ರೆಯಿಂದ ಬಂದ ಮೇಲೆ ಅಪ್ಪ ಅಮ್ಮ ಇಬ್ಬರೂ ರಿಜಿಸ್ಟ್ರಾರ್ ಹತ್ತಿರ ಹೋಗಿ ಹೆಸರು ಬರೆಸಿ ಬಂದರು. ಒಂದು ಹೆಸರು, ಒಂದು ಅಡ್ಡಹೆಸರು, ನಡುವೆ ಏನೂ ಇಲ್ಲ. ಆಪಾ ಕೇಳಲಿಲ್ಲ, ಅವರೂ ಹೇಳಲಿಲ್ಲ. ಆದರೆ ತಾತಾರರಲ್ಲಿ ಬರೆಸುವುದು ಬೇರೆ, ಮಗುವಿನ ಕಿವಿಯಲ್ಲಿ ಹೆಸರು ಹೇಳುವುದು ಬೇರೆ. ಮುಲ್ಲಾ ಬಂದು ಹೇಳಬೇಕು. ಸೋವಿಯತ್ ಕಾಲದಲ್ಲಿ ಮುಲ್ಲಾ ಸಿಗದೆ, ಮನೆಯ ಅಜ್ಜಿಯರು ಬಾಗಿಲು ಹಾಕಿಕೊಂಡು ತಾವೇ ಹೇಳುತ್ತಿದ್ದರಂತೆ. ಇಲ್ಲಿಯೂ ಆಪಾನೇ ಹೇಳುವುದೆಂದಾಯಿತು.

ಹಿಂದಿನ ದಿನ ಮಗಳು ಬೇಲಿಯ ಹತ್ತಿರ ಸಿಕ್ಕಳು. ನಿದ್ದೆಯಿಲ್ಲದ ಕಣ್ಣು, ಕೂದಲಿಗೆ ಪೆನ್ಸಿಲ್ ಸಿಕ್ಕಿಸಿದ ಗಂಟು. "ಕಿವಿಯಲ್ಲಿ ಏನು ಬೇಕಾದರೂ ಹೇಳಿಕೊಳ್ಳಲಿ. ನಡುವಿನದನ್ನೂ ಸೇರಿಸಲಿ. ಕಿವಿಗೆ ಪಾಸ್‌ಪೋರ್ಟ್ ಇಲ್ಲವಲ್ಲ" ಅಂದಳು. ಆ ಮಾತನ್ನು ತಾಯಿಗೆ ಹೇಳಿದೆಯಾ ಎಂದು ಕೇಳಿದೆ. ಹೇಳಿದೆ ಅಂದಳು.

ನಮ್ಮ ಮನೆಯ ಮೂವರೂ ಹೋದೆವು. ಮುಂದಿನ ಕೋಣೆಯಲ್ಲಿ ಚಕ್‌ಚಕ್ ಗೋಪುರದ ಹಾಗೆ ನಿಂತಿತ್ತು, ಅದರ ಪಕ್ಕ ನನ್ನ ಲಡಗಿ ಉಂಡಿಯ ತಟ್ಟೆ. ಆಪಾ ಬಿಳಿಯ ತಲೆವಸ್ತ್ರ ಕಟ್ಟಿ ಸೋಫಾದ ತುದಿಯಲ್ಲಿ ಕೂತು ಮಗುವನ್ನು ಮಡಿಲಿಗೆ ತೆಗೆದುಕೊಂಡರು. ಅಳಿಯ ಕ್ಯಾಮೆರಾ ಹಿಡಿದು, ತಾನು ನಿಲ್ಲಬೇಕೋ ಕೂರಬೇಕೋ ತಿಳಿಯದೆ, ಅರ್ಧ ಬಗ್ಗಿ ನಿಂತಿದ್ದ. ಆಪಾ ಮೊದಲು ಪ್ರಾರ್ಥನೆಯ ಮಾತು ಹೇಳಿದರು, ಬಹಳ ಮೆಲ್ಲಗೆ. ಆಮೇಲೆ ಬಗ್ಗಿ ಮಗುವಿನ ಕಿವಿಯ ಹತ್ತಿರ ತುಟಿ ತಂದರು.

ಕೋಣೆಯಲ್ಲಿ ಎಲ್ಲರೂ ಆ ಉದ್ದದ ಹೆಸರಿಗೇ ಕಾಯುತ್ತಿದ್ದೆವು. ಆಪಾನ ಮಗಳು ನೆಲ ನೋಡುತ್ತಿದ್ದಳು.

ಆಪಾ ಮಗುವಿನ ಹೆಸರು ಹೇಳಿದರು. ಬರೀ ಹೆಸರು. ಮತ್ತೆ ಹೇಳಿದರು. ಮತ್ತೊಮ್ಮೆ. ಆಮೇಲೆ ನೆಟ್ಟಗೆ ಕೂತು ಅದರ ಟೊಪ್ಪಿಗೆ ಸರಿಮಾಡಿದರು.

ಮಗಳು ತಲೆಯೆತ್ತಿದಳು. "ಅನಿ" ಅಂದಳು, ಅವರ ಭಾಷೆಯಲ್ಲಿ ಅಮ್ಮ. ಮುಂದಿನದನ್ನು ನಮಗೂ ತಿಳಿಯಲೆಂದೋ ಏನೋ ಇಂಗ್ಲಿಷಿನಲ್ಲಿ ಕೇಳಿದಳು. "ಉಳಿದದ್ದು?"

"ಉಳಿದದ್ದು ನನ್ನ ಹತ್ತಿರ ಇದೆ" ಅಂದರು ಆಪಾ. "ದೊಡ್ಡವನಾದ ಮೇಲೆ ಬೇಕು ಅನ್ನಿಸಿದರೆ ಅವನೇ ಬಂದು ಕೇಳಲಿ. ಈಗ ಹಸಿದಿದ್ದಾನೆ, ಹಿಡಿ."

ಮಗಳು ಮಗುವನ್ನು ತೆಗೆದುಕೊಂಡು ಒಳಗಿನ ಕೋಣೆಗೆ ಹೋಗಲಿಲ್ಲ. ಸೋಫಾದ ಅದೇ ತುದಿಯಲ್ಲಿ, ಜಾಗವಿಲ್ಲದ ಕಡೆ, ತಾಯಿಗೆ ಒತ್ತಿಕೊಂಡು ಕೂತು ಶಾಲು ಎಳೆದುಕೊಂಡು ಹಾಲೂಡಿಸತೊಡಗಿದಳು. ಅಳಿಯ, ಇನ್ನೊಂದು ಫೋಟೋ ತೆಗೆಯಲೇ, ಎಂದು ಕೇಳಿದ. ಬೇಡವೆಂದು ಇಬ್ಬರೂ ಒಟ್ಟಿಗೇ ಕೈ ಬೀಸಿದರು.